ಪುಟ್ಟನಂಜಮ್ಮನ ರಾಜೀನಾಮೆ

ಪುಟ್ಟನಂಜಮ್ಮ ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು. ಒಂದು ದಿನ ಮ್ಯಾನೇಜರ್ ಕರೆದು, "ನೀನೇ ರಾಜೀನಾಮೆ ಬರೆದುಕೊಡು. ಇಲ್ಲಾಂದ್ರೆ ನಾಳೆಯಿಂದ ಕಸ ಗುಡಿಸು" ಎಂದ.

ಕಂಪನಿ ತೆಗೆದರೆ ಪರಿಹಾರ ಕೊಡಬೇಕು, ತಾನೇ ಬಿಟ್ಟರೆ ಅದೂ ಇಲ್ಲ. ಅವಳಿಗೆ ಅದು ಗೊತ್ತಿತ್ತು.

"ಕಾರಣ ಏನಂತ ಬರೀಲಿ ಸಾರ್?"

"ಏನೋ ಒಂದು ಬರಿ."

ಅವಳು ಎರಡು ಪ್ರತಿ ಬರೆದಳು. ಮ್ಯಾನೇಜರ್ ಖುಷಿಯಲ್ಲಿ ಓದದೆಯೇ ಎರಡಕ್ಕೂ 'ಸ್ವೀಕರಿಸಿದೆ' ಎಂದು ಸಹಿ ಹಾಕಿದ. ಅವಳು ಒಂದನ್ನು ಪರ್ಸಿಗೆ ಸೇರಿಸಿದ ಮೇಲೆ ಅವನು ಇನ್ನೊಂದನ್ನು ಓದಿದ: "ರಾಜೀನಾಮೆ ಕೊಡದಿದ್ದರೆ ಕಸ ಗುಡಿಸಬೇಕೆಂದು ಮ್ಯಾನೇಜರ್ ಸಾಹೇಬರು ಹೆದರಿಸಿದ್ದರಿಂದ ಕೆಲಸ ಬಿಡುತ್ತಿದ್ದೇನೆ."

ಅವನ ದನಿ ಮೆತ್ತಗಾಯಿತು. "ಪರ್ಸಲ್ಲಿರೋದನ್ನ ಹರಿದುಹಾಕಿಬಿಡಮ್ಮ."

"ಹರೀತೀನಿ ಸಾರ್. ಮೊದಲು, ನಾಳೆಯೂ ನಿನ್ನ ಮಿಷನ್ನಿಗೇ ಬಾ ಅಂತ ಬರೆದುಕೊಡಿ."

ಅವನು ಬರೆದುಕೊಟ್ಟ. ಪುಟ್ಟನಂಜಮ್ಮ ಎರಡು ಸಲ ಓದಿ, ಸಹಿ ನೋಡಿ, ಆಮೇಲೆ ಪರ್ಸಿನಲ್ಲಿದ್ದ ಪ್ರತಿ ತೆಗೆದು ಹರಿದಳು.