ಧವಳಕೀರ್ತಿಯ ಮೂರು ಮುಖಗಳು

ಚಂಪಕಾಳಿಗೆ ಕೋಪವೇ ಬರುವುದಿಲ್ಲ ಎಂದು ಚಿತ್ರಶಾಲೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ಅವಳ ಗುರು ತಿರುಮಲೇಶ ಮೇಷ್ಟ್ರು ಒಮ್ಮೆ ಅವಳು ಬರೆದ ಚಿತ್ರಕ್ಕೆ ತಮ್ಮ ಹೆಸರು ಹಾಕಿ ಪ್ರದರ್ಶನಕ್ಕಿಟ್ಟರು. ಶಾಲು ಹೊದಿಸಿಕೊಂಡು ಬಂದರು.

"ಗುರುವಿನ ಹೆಸರಾದರೇನು, ಶಿಷ್ಯೆಯ ಹೆಸರಾದರೇನು? ಎರಡೂ ಒಂದೇ ಅಲ್ಲವೇನಮ್ಮ?" ಎಂದರು.

ಎದೆ ಕುದಿಯುತ್ತಿದ್ದರೂ ಚಂಪಕಾ, "ಹೌದು ಸರ್" ಎಂದು ನಕ್ಕಳು.

ಮನೆಗೆ ಬಂದು ಊಟಕ್ಕೆ ಕೂತವಳು, ಸಾರಿಗೆ ಉಪ್ಪು ಕಮ್ಮಿಯೆಂದು ತಟ್ಟೆಯನ್ನೇ ಗೋಡೆಗೆ ಬೀಸಿದಳು. ಅಮ್ಮ ಬೆಚ್ಚಿಬಿದ್ದಳು.

"ಯಾರ ಮೇಲಿನ ಸಿಟ್ಟೇ ಇದು?"

ಚಂಪಕಾ ಎದ್ದುಹೋದಳು.

ಸ್ವಲ್ಪ ದಿನಕ್ಕೆ ನಾಟಕ ಮಂಡಳಿಯೊಂದು ಚಿತ್ರ ಬರೆಸಲು ಬಂತು. ಅವರ ಹೊಸ ನಾಟಕದ ನಾಯಕ ಧವಳಕೀರ್ತಿಯೆಂಬ ರಾಜಕುಮಾರ. ಸಿಂಹಾಸನ ಕಸಿದುಕೊಂಡ ಚಿಕ್ಕಪ್ಪನ ಕಾಲಿಗೆ ನಗುನಗುತ್ತಾ ಬೀಳುವವನು. ಆಮೇಲೆ ಲಾಯಕ್ಕೆ ಹೋಗಿ ತನ್ನ ಕುದುರೆಯನ್ನು ಚಾಟಿಯಿಂದ ಬಡಿಯುವವನು.

"ಅವನೊಳಗಿನ ಜಗಳವನ್ನು ಬರೆ" ಎಂದು ಮೇಷ್ಟ್ರು ಚಂಪಕಾಳಿಗೇ ಒಪ್ಪಿಸಿದರು. "ಮನಶ್ಶಾಸ್ತ್ರದವರು ಹೇಳುತ್ತಾರಲ್ಲ, ಮನಸ್ಸಿನಲ್ಲಿ 'ನನಗೆ ಬೇಕು' ಎಂದು ಕಿರುಚುವವನೊಬ್ಬ, 'ಕೂಡದು' ಎಂದು ಗದರಿಸುವವನೊಬ್ಬ, ಇಬ್ಬರ ನಡುವೆ ನಲುಗುವವನೊಬ್ಬ. ಮೂವರೂ ಇರಬೇಕು."

ನಲುಗುವವನ ಮುಖ ಸುಲಭವಾಗಿ ಬಂತು. ಗದರಿಸುವವನಿಗೆ ಬಿಳಿ ಗಡ್ಡ, ಎತ್ತಿದ ಬೆರಳು. ಕಿರುಚುವವನನ್ನು ಮಾತ್ರ ಮೊದಲು ಕೋರೆಹಲ್ಲಿನ ರಾಕ್ಷಸನಾಗಿ ಬರೆದಳು. ಸುಳ್ಳೆನಿಸಿತು. ಅವನು ಕೇಳುತ್ತಿರುವುದು ತನ್ನದನ್ನೇ ತಾನೆ? ಸಿಟ್ಟಿನಿಂದ ಅದನ್ನು ಕೆರೆದುಹಾಕಿ, ಬಾಯಿಗೆ ಬಟ್ಟೆ ತುರುಕಿದ, ಕಣ್ಣಲ್ಲಿ ಕೆಂಡವಿರುವ ಹುಡುಗನನ್ನು ಬರೆದಳು. ಕೆಳಗೆ ಕುದುರೆಯ ಕಣ್ಣು ಬರೆಯುವಾಗ ಬೆಚ್ಚಿಬಿದ್ದ ಅಮ್ಮನ ನೆನಪಾಗಿ ಕೈ ನಿಂತುಹೋಯಿತು.

ಚಿತ್ರ ಮುಗಿದಾಗ ಮೇಷ್ಟ್ರು "ಭೇಷ್!" ಎಂದರು. ಕುಂಚ ತೆಗೆದುಕೊಂಡು ಹೆಸರು ಬರೆಯಲು ಮೂಲೆಗೆ ಬಾಗಿದರು.

ಗುರುವಿಗೆ ಎದುರಾಡಬೇಡ ಎಂದು ಚಂಪಕಾಳ ಒಳಗೂ ಯಾರೋ ಗದರಿದರು. ಅವಳು ಕೇಳಲಿಲ್ಲ.

"ಕುಂಚ ಕೆಳಗಿಡಿ ಸರ್."

"ಏನಂದೆ?"

"ಇದು ನಾನು ಬರೆದದ್ದು. ನೀವು ಶಾಲು ಹೊದ್ದುಕೊಂಡು ಬಂದಿರಲ್ಲ, ಅದೂ ನಾನು ಬರೆದದ್ದೇ. ಅವತ್ತು ನಕ್ಕದ್ದು ಸುಳ್ಳು. ಮೈಯೆಲ್ಲ ಉರಿಯುತ್ತಿತ್ತು."

"ಸಿಟ್ಟೇ ಬಾರದ ಹುಡುಗಿ ಅಂದುಕೊಂಡಿದ್ದೆ!"

"ಬರುತ್ತಿತ್ತು ಸರ್. ನಿಮಗೆ ಸೇರಬೇಕಾದದ್ದನ್ನು ನಮ್ಮಮ್ಮ ಅನುಭವಿಸಿದಳು."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಹೊರಗೆ ನಡಿ! ಇನ್ನು ಈ ಮೆಟ್ಟಿಲು ಹತ್ತಬೇಡ!"

ಚಂಪಕಾ ಮೇಷ್ಟ್ರ ಕಣ್ಣೆದುರೇ ಚಿತ್ರದ ಮೂಲೆಯಲ್ಲಿ ತನ್ನ ಹೆಸರು ಬರೆದಳು. ಚಿತ್ರವನ್ನು ತಾನೇ ಹೊತ್ತು ಮಂಡಳಿಯವರಿಗೆ ತಲುಪಿಸಿ ಮನೆಗೆ ಬಂದಳು.

"ತಪ್ಪಾಯಿತಮ್ಮ. ಆ ಸಿಟ್ಟು ನಿನ್ನ ಮೇಲಿನದಲ್ಲ" ಎಂದು ನಡೆದದ್ದೆಲ್ಲ ಹೇಳಿ ಅತ್ತಳು.

ಅಮ್ಮ ಪೂರ್ತಿ ಕೇಳಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಿದೆಯೇ ಆ ಮನುಷ್ಯನ ಮನೆ? ನನಗೂ ಎರಡು ಮಾತಾಡುವುದಿದೆ" ಎಂದು ಎದ್ದಳು.

ನೀತಿ: ನುಂಗಿಕೊಂಡ ಕೋಪ ಸಾಯುವುದಿಲ್ಲ. ತಿರುಗಿ ಬೀಳಲಾರದವರನ್ನು ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಅನ್ಯಾಯ ಮಾಡಿದವರ ಮುಖಕ್ಕೇ ಅದನ್ನು ಹೇಳಿ, ಅವರು ಗುರುವೇ ಆಗಿರಲಿ.