ಹ ಅಕ್ಷರದ ತಂಡ

ಹೊಳೆಯ ದಂಡೆಯ ಮೇಲೊಂದು ಆಶ್ರಮವಿತ್ತು. ಅದನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಹೆಣ್ಣುಮಗಳು. ಅವರಿಗೆ ದೀಕ್ಷೆಯ ದೊಡ್ಡ ಹೆಸರೊಂದಿತ್ತು. ಆದರೆ ಸುತ್ತಲಿನ ಊರಿನವರೆಲ್ಲ ಅವ್ವಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯರಲ್ಲಿ ಚನಬಸು ಹಲಗತ್ತಿ ಎಂಬುವನೊಬ್ಬ. ನಲವತ್ತು ದಾಟಿದವನು. ಎತ್ತರದ ಆಳು, ಉದ್ದನೆಯ ಕೈ. ನೀರು ತರುವುದಿರಲಿ, ಕಟ್ಟಿಗೆ ಒಡೆಯುವುದಿರಲಿ, ಹೇಳಿದ ಕೆಲಸಕ್ಕೆ ಇಲ್ಲವೆಂದವನಲ್ಲ.

ಅವನಿಗಿದ್ದ ಆಸೆ ಒಂದೇ, ದೀಕ್ಷೆ. ಅಲ್ಲಿ ದೀಕ್ಷೆ ಪಡೆದವರು ಮನೆತನದ ಅಡ್ಡಹೆಸರನ್ನು ಬಿಟ್ಟು ಹೊಸ ಹೆಸರು ತೆಗೆದುಕೊಳ್ಳುತ್ತಿದ್ದರು. ಚನಬಸು ಆಗಾಗ ಕೇಳುತ್ತಿದ್ದ. ಅವ್ವಾರು "ನೋಡೂಣು" ಎಂದು ಬೇರೆ ಕೆಲಸಕ್ಕೆ ತೊಡಗುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಲರೂ ಕಣ್ಣು ಮುಚ್ಚಿ ಮೌನದಲ್ಲಿ ಕೂತಿದ್ದಾಗ ಚನಬಸುವಿನ ಬಾಯಿಂದ ಮಾತು ಹೊರಬಿತ್ತು.

"ಮುಜಾವರನ್ನ ಎಡಕ್ಕ ಹಾಕಬೇಕು."

ಅಕ್ಕಪಕ್ಕದವರು ಕಣ್ಣು ತೆರೆದು ನೋಡಿದರು. ಅವ್ವಾರು ತೆರೆಯಲಿಲ್ಲ. ಮೌನ ಮುಗಿದ ಮೇಲೆ ಅವನನ್ನು ಹೊಳೆಯ ಮೆಟ್ಟಿಲ ಕಡೆ ಕರೆದುಕೊಂಡು ಹೋದರು.

"ಯಾರೋ ತಮ್ಮಾ ಮುಜಾವರ?"

ಸುಳ್ಳು ಹೇಳಿ ಉಪಯೋಗವಿಲ್ಲವೆಂದು ಅವನಿಗೆ ಗೊತ್ತಿತ್ತು.

"ಫುಟ್‌ಬಾಲ್ ಆಡಾಂವ್ರಿ ಅವ್ವಾರ. ನಮ್ಮ ಕಡೆಯವ. ಈಗ ಆಡೂದಿಲ್ಲ, ವಯಸ್ಸಾಗೇತಿ."

"ಅವನ್ನ ಎಡಕ್ಕ ಯಾಕ ಹಾಕಬೇಕು?"

"ನಾ ತಲಿಯಾಗ ತಂಡ ಕಟ್ತಿರ್ತೀನ್ರಿ. ಒಂದು ಅಕ್ಷರ ಹಿಡಿಯೂದು. ಆ ಅಕ್ಷರದಿಂದ ಅಡ್ಡಹೆಸರು ಸುರು ಆಗೋ ಆಟಗಾರರನ್ನಷ್ಟ ಆರಿಸಿ ಹನ್ನೊಂದು ಮಂದಿ ಮಾಡೂದು. ಎಲ್ಲಾ ನಾ ನೋಡಿದವರು, ನನ್ನ ಜೋಡಿ ಆಡಿದವರು. ಇವತ್ತ ಮ ಬಂದಿತ್ರಿ. ಮುಲ್ಲಾ, ಮಠಪತಿ, ಮಡಿವಾಳರ, ಮೆಣಸಿನಕಾಯಿ. ಬಲಗಡೆ ಆಡಾವರು ಭಾಳ ಆಗಿದ್ರು. ಅದಕ್ಕ."

"ಕೂತಾಗೆಲ್ಲಾ ಇದ ನಡೀತೈತೇನು?"

"ಹೌದ್ರಿ. ಬ್ಯಾಡ ಅಂದ್ರೂ ಬರ್ತೈತ್ರಿ."

ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ನಿಂತ. ಅವ್ವಾರು ಕಾಲು ನೀರಿಗೆ ಇಳಿಬಿಟ್ಟು ಕೂತರು.

"ಮ ತಂಡ ಗೆಲ್ತೈತೇನು?"

"ಅವು ಆಡೂದಿಲ್ರಿ ಅವ್ವಾರ. ಆರಿಸೂದಷ್ಟ."

"ಒಂದು ಸಲಾನೂ?"

"ಇಲ್ರಿ."

"ಹಂಗಾರ ಸೋಲೂದೂ ಇಲ್ಲ" ಎಂದು ಅವ್ವಾರು ಎದ್ದರು.

ಮರುದಿನ ಮೌನ ಮುಗಿಯುತ್ತಲೇ ಅವರೇ ಕೇಳಿದರು: "ಇವತ್ತ ಯಾವ ಅಕ್ಷರ ಬಂತು?"

ಅದೇ ರೂಢಿಯಾಯಿತು. ಅವನು ಅಕ್ಷರಮಾಲೆಯ ಸಾಲಿನಲ್ಲಿ ಮುಂದೆ ಹೋಗುತ್ತಿದ್ದ, ಅವರು ಕೇಳುತ್ತಿದ್ದರು. ಮುಗಿದು ಹೋದ ಅಕ್ಷರಗಳ ಬಗ್ಗೆಯೂ ಕೇಳಿ ತಿಳಿದುಕೊಂಡರು. ಕ ಅಕ್ಷರದಲ್ಲಿ ಕಮ್ಮಾರ, ಕಟ್ಟಿಮನಿ, ಕುಲಕರ್ಣಿ, ಕೋರಿ ಎಲ್ಲರೂ ಮುಂದೆ ಆಡುವವರೇ.

"ಎಲ್ಲಾರೂ ಮುಂದ ಓಡಿದ್ರ ಮನಿ ಕಾಯಾವರು ಯಾರು?" ಎಂದು ಅವ್ವಾರು ಚಿಂತೆ ಮಾಡಿದರು. ಟ ಅಕ್ಷರಕ್ಕೆ ಸಿಕ್ಕವನು ಟೋಪಣ್ಣವರ ಒಬ್ಬನೇ. ಅವನೊಬ್ಬನೇ ಅಷ್ಟು ದೊಡ್ಡ ಬಯಲಿನಲ್ಲಿ ಏನು ಮಾಡಿಯಾನು ಎಂದು ಅವರಿಗೆ ಮರುಕ. ಫುಟ್‌ಬಾಲನ್ನು ಕಣ್ಣಿಂದ ಕಾಣದ ಅವ್ವಾರು ಆಟದ ಜಾಗಗಳನ್ನೆಲ್ಲ ಕಲಿತುಬಿಟ್ಟರು.

"ಕೈಲೆ ಹಿಡಿಯಾಂವ ಒಬ್ಬನ ಏನು?" ಎಂದು ಒಂದು ದಿನ ಕೇಳಿದರು.

"ಗೋಲಿ ಅಂತಾರ್ರಿ ಅವಗ. ಆಡಾಗ ಒಬ್ಬನ. ತಂಡದಾಗ ಇಬ್ಬರಿರ್ತಾರ. ಒಬ್ಬ ಆಡ್ತಾನ, ಇನ್ನೊಬ್ಬ ಕುಂದರ್ತಾನ."

ಇಷ್ಟು ಹೇಳಿ ಚನಬಸು ಕೊಡ ಎತ್ತಿಕೊಂಡು ನಡೆದುಬಿಟ್ಟ.

ವ ಆಯಿತು, ಶ ಆಯಿತು, ಸ ಆಯಿತು. ಮಾರನೆಯ ದಿನ ಅವನು "ಅಂಗಡಿ, ಅಕ್ಕಿ, ಅತ್ತಾರ" ಎಂದು ಶುರು ಮಾಡಿದ.

"ಸ ಆದ ಮ್ಯಾಲ ಹ ಅಲ್ಲೇನು?"

"ಹ ದಾಗ ಅಷ್ಟ ಮಂದಿ ಇಲ್ರಿ."

ಆ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಒಬ್ಬ ಹಿರೇಮಠ, ಒಬ್ಬ ಹೊಸಮನಿ, ಒಬ್ಬ ಹಡಪದ ಸಿಗದೇ ಇರುವುದಿಲ್ಲ. ಅವ್ವಾರು ಅವನ ಮುಖ ನೋಡಿದರು.

ಕೆಲವು ದಿನಗಳ ಮೇಲೆ ಮಧ್ಯಾಹ್ನದ ಪಂಕ್ತಿಯಲ್ಲಿ ರೊಟ್ಟಿ ಬಡಿಸುತ್ತ ಬಂದ ಚನಬಸು ಒಬ್ಬನ ಮುಂದೆ ನಿಂತೇಬಿಟ್ಟ. ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದ ಆ ಮನುಷ್ಯ ಒಂದು ಕಾಲನ್ನು ಮಡಚಲಾಗದೆ ಮುಂದೆ ಚಾಚಿಕೊಂಡು ಕೂತಿದ್ದ.

ಅವನು ಪರಸಪ್ಪ ಹಂಚಿನಾಳ.

ಇಬ್ಬರದೂ ಒಂದೇ ಓಣಿ. ಆಡಿದ್ದು ಒಂದೇ ಕ್ಲಬ್ಬಿಗೆ. ಇಬ್ಬರೂ ಗೋಲಿಗಳೇ. ರಾಜ್ಯದ ತಂಡಕ್ಕೆ ಆರಿಸಿದಾಗ ಹಂಚಿನಾಳ ಮೊದಲನೆಯವನಾದ, ಹಲಗತ್ತಿ ಎರಡನೆಯವನಾದ. "ಕುಂದರಾಕ ನಾ ಅಷ್ಟ ದೂರ ಹೋಗೂದಿಲ್ಲ" ಎಂದು ಚನಬಸು ತಾಯಿಗೆ ಹೇಳಿದ. ತಂಡ ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮುಂದೆ ಎಂದೂ ಚೆಂಡಿಗೆ ಕೈ ಹಚ್ಚಲಿಲ್ಲ, ಪರಸಪ್ಪನೊಂದಿಗೆ ಮಾತಾಡಲಿಲ್ಲ. ಹತ್ತಿ ಗಿರಣಿಯಲ್ಲಿ ದುಡಿದ. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಆಶ್ರಮ ಸೇರಿದ.

ಊಟವಾದ ಮೇಲೆ ಇಬ್ಬರೂ ಬೇವಿನ ಮರದ ಕೆಳಗೆ ನಿಂತರು. ಅವ್ವಾರು ಅಲ್ಲೇ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಆರಾಮ ಇದ್ದೀಯೇನು ಚನಬಸು?"

"ಇದ್ದೀನಿ."

"ಹೊಳಿ ಆಚಿ ಸಾಲಿಯಾಗ ಹೆಣ್ಮಕ್ಕಳಿಗೆ ಆಟ ಕಲಸಾಕತ್ತೀನಿ. ತಂಡ ಚಲೋ ಐತಿ. ಆದ್ರ ಗೋಲಿ ಹುಡುಗಿ ಚೆಂಡು ಬಂದ್ರ ಮಾರಿ ಹೊಳ್ಳಸ್ತಾಳ. ಬಾಯಿಲೆ ಹೇಳಿದ್ರ ಆಕಿಗೆ ತಿಳಿಯಂಗಿಲ್ಲ. ಮಾಡಿ ತೋರಸೂಣು ಅಂದ್ರ ನನ್ನ ಮೊಣಕಾಲು ಹೋಗೇತಿ. ನೆಲಕ್ಕ ಬಿದ್ರ ಏಳಾಕ ಇನ್ನೊಬ್ಬರು ಬೇಕು."

ಚನಬಸು ಖಾಲಿ ರೊಟ್ಟಿ ಬುಟ್ಟಿಯನ್ನು ಬೇವಿನ ಬುಡಕ್ಕೆ ಇಟ್ಟ.

"ನೀ ಬಂದು ನಾಕು ದಿನ ತೋರಿಸಿಕೊಟ್ರ ಆಗ್ತಿತ್ತು."

"ನಾ ಅದನ್ನೆಲ್ಲಾ ಬಿಟ್ಟೀನಿ ಪರಸು."

"ಗೊತ್ತೈತಿ. ಆದ್ರೂ ಕೇಳೂಣಂತ ಬಂದೆ."

"ಬಿಟ್ಟೀನಿ ಅಂದ್ನಲ್ಲ."

ಪರಸಪ್ಪ ಅವ್ವಾರಿಗೆ ಕೈಮುಗಿದು, ಕುಂಟುತ್ತ ದೋಣಿಯ ಕಡೆ ಇಳಿದು ಹೋದ.

"ಅಡ್ಡಹೆಸರೇನು ಅವಂದು?" ಅವ್ವಾರು ಅವರೆಕಾಯಿಯಿಂದ ಕಣ್ಣೆತ್ತದೆ ಕೇಳಿದರು.

"ಹಂಚಿನಾಳ್ರಿ."

"ಹ" ಎಂದರು ಅವ್ವಾರು.

ಮರುದಿನ ಅವರು ಅಕ್ಷರ ಯಾವುದೆಂದು ಕೇಳಲಿಲ್ಲ. "ಹ ತಂಡ ಹೇಳು" ಎಂದರು.

ಅವನು ಹೇಳಿದ. ಹಿಂದೆ ಹಿರೇಮಠ, ಹಡಪದ, ಗುಡ್ಡದಂಥ ಹುಲ್ಲೂರ. ನಡುವೆ ಹೂಗಾರ, ಅವನು ಚೆಂಡು ಕೊಟ್ಟರೆ ಹೂವು ಕೊಟ್ಟಂತೆ. ಮುಂದೆ ಎಡಗಾಲಿನ ಹೊಸಮನಿ. ಹೆಸರು ಹೆಸರು ಸೇರಿ ಹತ್ತು ಮಂದಿ ಆದರು.

"ಗೋಲಿ?"

"ನಾಳೆ ಹೇಳ್ತೀನ್ರಿ."

ಮರುದಿನವೂ ನಾಳೆ ಎಂದ. ಅದರ ಮರುದಿನವೂ. ರಾತ್ರಿ ಊಟ ಸೇರದಾಯಿತು. ಕೊನೆಗೆ ಒಂದು ಬೆಳಿಗ್ಗೆ ಅವನೇ ಅವ್ವಾರ ಕಾಲು ಹಿಡಿದ.

"ದೀಕ್ಷಾ ಕೊಟ್ಟುಬಿಡ್ರಿ ಅವ್ವಾರ. ಅಡ್ಡಹೆಸರು ಹೋದ್ರ ಅಕ್ಷರಾನೂ ಹೋಗ್ತೈತಿ."

"ಹತ್ತು ಮಂದಿ ಬಯಲಾಗ ನಿಂತಾರಲ್ಲೋ. ಅವರನ್ನ ಎಷ್ಟೊತ್ತಂತ ಬಿಸಲಾಗ ನಿಲ್ಲಸ್ತಿ?"

ಅವನು ಹೋಗಿ ಕಟ್ಟಿಗೆ ಒಡೆಯತೊಡಗಿದ. ಬೇಕಾದದ್ದಕ್ಕಿಂತ ಹೆಚ್ಚು ಒಡೆದ. ಬೆವರು ಕಣ್ಣಿಗಿಳಿಯಿತು. ಕೊಡಲಿ ಕೆಳಗಿಟ್ಟು ಅವ್ವಾರ ಬಳಿ ಬಂದ.

"ಗೋಲಿ ಹಂಚಿನಾಳ್ರಿ."

"ಯಾಕ?"

"ಮ್ಯಾಲಿಂದ ಬರೋ ಚೆಂಡಿಗೆ ಅಂವ ಗೆರಿ ಬಿಟ್ಟು ಮುಂದ ಬರ್ತಿದ್ದ. ಎದುರಿನವರು ಬಂದು ಗುದ್ದಿದ್ರೂ ಚೆಂಡು ಬಿಡ್ತಿರಲಿಲ್ಲ. ನಾ ಗೆರಿ ಮ್ಯಾಲ ನಿಂತು ಕಾಯ್ತಿದ್ದೆ. ಆರಿಸಿದವರು ಸರಿಯಾಗೇ ಆರಿಸಿದ್ರು."

ಇಷ್ಟು ವರ್ಷ ಬಾಯಿಗೆ ಬರದ ಮಾತು ಬಂದುಬಿಟ್ಟಿತ್ತು. ಅದರಿಂದ ಅವನಿಗೆ ಹಗುರವೇನೂ ಅನಿಸಲಿಲ್ಲ. ದಣಿವು ಮಾತ್ರ ಆಗಿತ್ತು.

"ಇನ್ನೊಬ್ಬ ಕುಂದರ್ತಾನ ಅಂದಿದ್ದೆಲ್ಲ" ಎಂದರು ಅವ್ವಾರು. "ಬರೇ ಕುಂದರ್ತಾನೇನು ಅಂವ?"

"ಹಂಗೇನಿಲ್ರಿ. ಆಟಕ್ಕ ಮೊದಲ ಗೋಲಿಗೆ ಚೆಂಡು ಒದ್ದು ಒದ್ದು ಕೈ ಪಳಗಿಸಿಕೊಡ್ತಾನ. ಆಮ್ಯಾಲ ಕುಂದರ್ತಾನ."

"ಆ ಕೆಲಸ ನೀ ಒಂದು ದಿನಾನೂ ಮಾಡಲಿಲ್ಲ."

"ಇಲ್ರಿ."

"ದೋಣಿ ಇನ್ನೂ ಈ ದಂಡಿಗೇ ಐತಿ, ನೋಡು."

ಚನಬಸು ಅಂಗಿ ಹಾಕಿಕೊಂಡು ಇಳಿದು ಹೋದ.

ಶಾಲೆಯ ಬಯಲಿನಲ್ಲಿ ಪರಸಪ್ಪ ಒಂದು ಕಲ್ಲಿನ ಮೇಲೆ ಕೂತು ಹುಡುಗಿಯರನ್ನು ಓಡಿಸುತ್ತಿದ್ದ. ಚನಬಸುವನ್ನು ಕಂಡು ಎದ್ದ. ಯಾಕೆ ಬಂದೆ ಎಂದು ಕೇಳಲಿಲ್ಲ. ಗೋಲಿನ ಕಡೆ ಕೈ ತೋರಿಸಿ, "ಕಸ್ತೂರಿ ಅಂತ ಹೆಸರು" ಎಂದ.

ಸಣಕಲು ಹುಡುಗಿ. ಚೆಂಡು ಬಂತೆಂದರೆ ಕೈ ಮುಂದೆ, ಮುಖ ಹಿಂದೆ.

ಚನಬಸು ಅವಳೆದುರು ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಚೆಂಡನ್ನು ಮೆಲ್ಲಗೆ ಉರುಳಿಸಿದ. ಅವಳು ಹಿಡಿದಳು. ಮತ್ತೆ ಉರುಳಿಸಿದ. ಆಮೇಲೆ ಪುಟಿಸಿದ. ಆಮೇಲೆ ಎಸೆದ.

"ಚೆಂಡು ನೋಡಬ್ಯಾಡವಾ. ಅದರ ಮ್ಯಾಲಿನ ಹೊಲಿಗಿ ನೋಡು."

"ಹೊಲಿಗಿ ಕಾಣೂದಿಲ್ರಿ ಸರ್."

"ಮಾರಿ ಹೊಳ್ಳಿಸಿದ್ರ ಹೆಂಗ ಕಾಣ್ತೈತಿ?"

ಅವಳು ನಕ್ಕಳು. ಸಂಜೆಯ ಹೊತ್ತಿಗೆ ಹೊಲಿಗೆ ಒಂದೆರಡು ಸಲ ಕಂಡಿತು. ತಾನೂ ಎಡಕ್ಕೆ ಬಲಕ್ಕೆ ಬಿದ್ದು ತೋರಿಸಿದ್ದರಿಂದ ಚನಬಸುವಿನ ಮೊಣಕೈ ತರಚಿ ರಕ್ತ ಬಂದಿತ್ತು.

ಹುಡುಗಿಯರು ಮನೆಗೆ ಹೋದ ಮೇಲೆ ಇಬ್ಬರೂ ಕಲ್ಲಿನ ಮೇಲೆ ಕೂತರು. ಪರಸಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಹೇಳಿದ:

"ಆವತ್ತ ಬಸ್ಸಿನಾಗ ನಿನಗ ಕಿಡಕಿ ಕಡೆ ಜಾಗ ಹಿಡಿದಿಟ್ಟಿದ್ದೆ. ಹುಬ್ಬಳ್ಳಿತನಕ ಯಾರನ್ನೂ ಕೂಡ್ರಗೊಡಲಿಲ್ಲ."

ಚನಬಸು ತರಚಿದ ಮೊಣಕೈಗೆ ಹತ್ತಿದ್ದ ಮಣ್ಣು ಒರೆಸಿಕೊಂಡ. ಆಮೇಲೆ ಕೇಳಿದ:

"ಅಲ್ಲಿ ಆಟಕ್ಕ ಮೊದಲು ನಿನಗ ಚೆಂಡು ಯಾರು ಒದ್ದರು?"

"ಯಾರೂ ಇಲ್ಲ. ಗೋಡಿಗೆ ಒಗದು ನಾನ ಹಿಡೀತಿದ್ದೆ."

ನಾಲ್ಕು ದಿನವೆಂದದ್ದು ಮಳೆಗಾಲ ಮುಗಿಯುವವರೆಗೂ ನಡೆಯಿತು. ಚನಬಸು ಬೆಳಗಿನ ಮೌನಕ್ಕೆ ಕೂತು, ಆಶ್ರಮದ ಕೆಲಸ ಮುಗಿಸಿ, ಮೂರನೆಯ ಪ್ರಹರಕ್ಕೆ ದೋಣಿ ಹತ್ತುತ್ತಿದ್ದ.

ಜಿಲ್ಲೆಯ ಪಂದ್ಯಾವಳಿಯಲ್ಲಿ ಶಾಲೆಯ ತಂಡ ಮೊದಲ ಆಟ ಗೆದ್ದಿತು, ಎರಡನೆಯದು ಸೋತಿತು. ಸೋತ ಆಟದಲ್ಲಿ ಒಂದು ಕಾರ್ನರ್‌ಗೆ ಕಸ್ತೂರಿ ಗೆರೆ ಬಿಟ್ಟು ಮುಂದೆ ಬಂದು, ಎಲ್ಲರ ತಲೆಯ ಮೇಲಿಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದಳು. ಹಳೆಯ ಗೋಲಿಗಳಿಬ್ಬರೂ ಗೆರೆಯಾಚೆ ಕೂತಿದ್ದರು. ಪರಸಪ್ಪ ಚನಬಸುವಿನ ತೊಡೆಯ ಮೇಲೆ ಕೈಯಿಟ್ಟ.

ಹಿಂದಿರುಗಿ ಬಂದ ಮರುದಿನ ಮೌನ ಮುಗಿದ ಮೇಲೆ ಚನಬಸು ಅವ್ವಾರ ಮುಂದೆ ಕೂತ.

"ಅವ್ವಾರ, ಈಗ ಕಣ್ಣು ಮುಚ್ಚಿದ್ರ ಯಾವ ತಂಡಾನೂ ಬರೂದಿಲ್ರಿ."

"ಮತ್ತೇನು ಬರ್ತೈತಿ?"

"ಏನೂ ಇಲ್ರಿ. ಹೊಳಿ ಸಪ್ಪಳ ಕೇಳಸ್ತೈತಿ. ಒಮ್ಮೊಮ್ಮೆ ಹಸಿವಾಗ್ತೈತಿ."

"ಚಲೋ ಆತು."

"ಇನ್ನರ ದೀಕ್ಷಾ ಕೊಡ್ರಿ. ಹಲಗತ್ತಿ ಅನ್ನೂದನ್ನ ಬಿಡಸ್ರಿ. ಈಗ ಅಕ್ಷರ ತಪ್ಪಿಸಾಕ ಕೇಳಾಕತ್ತಿಲ್ರಿ. ಖರೇನ ಬಿಡಾಕ ತಯಾರದೀನಿ."

ಅವ್ವಾರು ಅವನನ್ನು ನೋಡಿದರು. ಅವನು ಸುಳ್ಳು ಹೇಳುತ್ತಿರಲಿಲ್ಲ.

"ಸಾಲಿಯಾಗ ನಿನ್ನ ಏನಂತ ಕರೀತಾರ?"

"ಹಲಗತ್ತಿ ಸರ್ ಅಂತಾರ್ರಿ. ಆ ಕಸ್ತೂರಿ ಅಂತೂ ಬಯಲಿನ ಆ ತುದಿಯಿಂದನ ಕೂಗ್ತಾಳ."

"ಹಂಗಾರ ಆ ಹೆಸರು ಈಗ ಆಕಿ ಹತ್ರ ಐತಿ" ಎಂದರು ಅವ್ವಾರು. "ನಿನ್ನ ಹತ್ರ ಇಲ್ಲದ್ದನ್ನ ನೀ ಹೆಂಗ ಬಿಡ್ತಿ?"