ದಾರ ಬಿಚ್ಚಿಟ್ಟ ಅಕ್ಕ

"ತಾಯೀ, ಒಂದು ಆಶ್ರಮ ನಮ್ಮನ್ನು ತನ್ನವರೆಂದು ಒಪ್ಪಿಕೊಂಡಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಭಾಗೀರಥಿ ಗುರುಮಾತೆಯನ್ನು ಕೇಳಿದಳು.

ಅವಳ ಮುಂದೆ ಮೊರವಿತ್ತು. ಮೊರದ ತುಂಬ ಅವರೆಕಾಯಿ. ಆಶ್ರಮಕ್ಕೆ ಬಂದ ಸಂಜೆಯೇ ಗುರುಮಾತೆ ಆ ಮೊರವನ್ನು ಅವಳ ಕೈಗೆ ಕೊಟ್ಟಿದ್ದರು. ಅಂದಿನಿಂದ ಕಾಳು, ಸೊಪ್ಪು, ಅಕ್ಕಿ ಎಂದು ಮೊರ ಖಾಲಿಯಾದದ್ದೇ ಇಲ್ಲ. ಆದರೆ 'ನೀನು ನಮ್ಮವಳು' ಎಂದು ಯಾರೂ ಹೇಳಿರಲಿಲ್ಲ. ದೀಕ್ಷೆಯ ಮಾತೇ ಎತ್ತಿರಲಿಲ್ಲ. ಇಷ್ಟರಲ್ಲಿ ಹೊಳೆಯಾಚೆಯ ದೊಡ್ಡ ಆಶ್ರಮದಿಂದ ಅವಳಿಗೆ ಕರೆ ಬಂದಿತ್ತು. ಬಂದ ದಿನವೇ ಕಾವಿ ಸೀರೆ ಕೊಡುತ್ತೇವೆ, ಹೊಸ ಹೆಸರಿಡುತ್ತೇವೆ ಎಂದಿದ್ದರು. ಭಾಗೀರಥಿ ಯಾರಿಗೂ ಹೇಳದೆ ಗಂಟು ಕಟ್ಟಿಟ್ಟಿದ್ದಳು. ಆಶ್ರಮದಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ?

"ಗಂಟು ಕಟ್ಟಿಯಾಯಿತೇನು?" ಎಂದರು ಗುರುಮಾತೆ.

ಭಾಗೀರಥಿ ತಲೆ ತಗ್ಗಿಸಿ, "ಆಯಿತು ತಾಯಿ" ಎಂದಳು.

"ಹಾಗಾದರೆ ಕತೆ ಕೇಳುವಷ್ಟು ಪುರಸೊತ್ತು ಇದೆ. ಕಾಯಿ ಸುಲಿಯುತ್ತಲೇ ಕೇಳು. ಕಿವಿಗೂ ಕೈಗೂ ಏನೂ ಜಗಳವಿಲ್ಲ."

ಗುರುಮಾತೆ ಹೇಳತೊಡಗಿದರು.

ಒಂದು ವಿದ್ಯಾಪೀಠವಿತ್ತು. ದೂರದ ಊರುಗಳಿಂದ ಹೆಣ್ಣುಮಕ್ಕಳು ಓದಲು ಅಲ್ಲಿಗೆ ಬರುತ್ತಿದ್ದರು. ಬಂದವರಿಗೆಲ್ಲ ಛತ್ರವಿತ್ತು. ಊಟಕ್ಕೂ ಪಾಠಕ್ಕೂ ಕೊರತೆಯಿರಲಿಲ್ಲ. ಆದರೂ ಬಂದ ಹುಡುಗಿ ಮೊದಲು ಕೇಳುತ್ತಿದ್ದುದು ಯಾವ ಪಾಠ ಎಂದಲ್ಲ, ಯಾವ ಮನೆ ಎಂದು. ಏಕೆಂದರೆ ಅಲ್ಲಿ ಅಕ್ಕತಂಗಿಯರ ಮನೆಗಳೆಂದು ಕೆಲವಿದ್ದವು. ಒಂದೊಂದು ಮನೆಯಲ್ಲಿ ಹತ್ತಾರು ಹುಡುಗಿಯರು. ಒಡಹುಟ್ಟಿದವರಲ್ಲ, ಒಂದೇ ಊರಿನವರೂ ಅಲ್ಲ. ಆದರೆ ಒಮ್ಮೆ ಹೊಸಿಲು ದಾಟಿ ಒಳಗೆ ಬಂದರೆ ಕೊನೆಯ ಉಸಿರಿನ ತನಕ ಅಕ್ಕತಂಗಿಯರು. ಪ್ರತಿ ಮನೆಗೂ ಒಂದು ಬಣ್ಣ. ಆ ಬಣ್ಣದ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದರು.

ಮನೆ ಸೇರುವುದಕ್ಕೆ ಒಂದು ಪದ್ಧತಿಯಿತ್ತು. ನಮ್ಮ ಹೆಣ್ಣು ನೋಡುವ ಶಾಸ್ತ್ರವೇ ಅನ್ನು. ಆದರೆ ಅಲ್ಲಿ ಎರಡೂ ಕಡೆಯವರು ಹೆಣ್ಣು, ಎರಡೂ ಕಡೆಯವರು ನೋಡುವವರು. ವರ್ಷದ ಮೊದಲಲ್ಲಿ ಹೊಸ ಹುಡುಗಿಯರು ಗುಂಪಾಗಿ ಒಂದೊಂದೇ ಮನೆಯ ಜಗಲಿಗೆ ಹೋಗಬೇಕು. ಪಾನಕ ಕುಡಿಯಬೇಕು, ಮಾತಾಡಬೇಕು. ಗಂಟೆ ಹೊಡೆದರೆ ಮಾತನ್ನು ಅರ್ಧಕ್ಕೇ ಬಿಟ್ಟು ಮುಂದಿನ ಜಗಲಿಗೆ ಏಳಬೇಕು. ಸಂಜೆ ಛತ್ರದ ಹಿರಿಯಮ್ಮನ ಕಿವಿಯಲ್ಲಿ, ಬಹಳ ಹಿಡಿಸಿದ ಮನೆಯನ್ನು ಮೊದಲು, ಹಿಡಿಸದ ಮನೆಯನ್ನು ಕೊನೆಗೆ ಹೇಳಬೇಕು. ಮನೆಯವರೂ ಬಾಗಿಲು ಹಾಕಿಕೊಂಡು ವಾದ ಮಾಡಿ, ತಮಗೆ ಯಾರು ಹಿಡಿಸಿದರು ಎಂದು ಅದೇ ಕಿವಿಗೆ ಹೇಳುತ್ತಿದ್ದರು. ಯಾವ ಮನೆ ಮತ್ತೆ ಬಾ ಎಂದಿತೋ ಆ ಮನೆಗೆ ಮರುದಿನ ಹೋಗಬಹುದು. ಹೀಗೆ ಜಗಲಿಗಳು ಕಡಿಮೆಯಾಗುತ್ತ, ಮಾತು ಉದ್ದವಾಗುತ್ತ, ಕೊನೆಗೆ ಒಂದೋ ಎರಡೋ ಮನೆ ಉಳಿಯುತ್ತಿದ್ದವು. ಕೊನೆಯ ಬೆಳಿಗ್ಗೆ ಮನೆಯವರು ಛತ್ರಕ್ಕೆ ಬಂದು, ತಮ್ಮ ಹುಡುಗಿಯ ಕೈಗೆ ವೀಳ್ಯ ಕೊಟ್ಟು, ದಾರ ಕಟ್ಟಿ ಕರೆದೊಯ್ಯುತ್ತಿದ್ದರು. ವೀಳ್ಯ ಬಾರದವಳು ಛತ್ರದಲ್ಲೇ ಉಳಿಯುತ್ತಿದ್ದಳು. ಅವಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳಿಗೆ ಅದೇ ದೊಡ್ಡ ಸಂಕಟ.

ಇನ್ನೊಂದು ವಿಚಿತ್ರ ಕೇಳು. ಹೊಸಬರನ್ನು ಜಗಲಿಯಿಂದ ಜಗಲಿಗೆ ಕರೆದೊಯ್ಯಲು ಗುಂಪಿಗೆ ಒಬ್ಬೊಬ್ಬ ಹಿರಿಯ ಹುಡುಗಿ ಇರುತ್ತಿದ್ದಳು. ಅವಳನ್ನು ದಾರಿಯಕ್ಕ ಎನ್ನುತ್ತಿದ್ದರು. ಅವಳೂ ಯಾವುದೋ ಒಂದು ಮನೆಯವಳೇ. ಆದರೆ ಆ ದಿನಗಳಲ್ಲಿ ಅವಳು ತನ್ನ ದಾರ ಬಿಚ್ಚಿಡಬೇಕು, ಮನೆ ಬಿಟ್ಟು ಛತ್ರದಲ್ಲಿ ಮಲಗಬೇಕು, ಮನೆಯವರ ವಾದಕ್ಕೆ ಹೋಗಬಾರದು. ತಾನು ಯಾವ ಮನೆಯವಳೆಂದು ಬಾಯಿ ಬಿಡಲೇಬಾರದು.

"ಬಿಟ್ಟರೇನು ತಾಯಿ?" ಎಂದು ಭಾಗೀರಥಿ ನಡುವೆ ಬಾಯಿ ಹಾಕಿದಳು.

"ತಾಳು. ಕತೆಗೆ ಅವಸರವಿಲ್ಲ, ನಿನಗಿದೆ" ಎಂದು ಗುರುಮಾತೆ ಮುಂದುವರಿಸಿದರು.

ಒಂದು ವರ್ಷ ಅಲ್ಲಿಗೆ ಒಬ್ಬ ಹುಡುಗಿ ಬಂದಳು. ಎಳವೆಯಲ್ಲೇ ತಂದೆತಾಯಿ ಹೋಗಿದ್ದರು. ಕೆಲವು ಕಾಲ ಸೋದರಮಾವನ ಮನೆ, ಕೆಲವು ಕಾಲ ದೊಡ್ಡಮ್ಮನ ಮನೆ ಎಂದು ಬೆಳೆದವಳು. ಅವರು ಕೆಟ್ಟವರಲ್ಲ. ಉಣ್ಣಲು ಉಡಲು ಕೊಟ್ಟಿದ್ದರು. ಆದರೆ 'ನಮ್ಮ ಮನೆ' ಎಂದು ಬಾಯಿತುಂಬ ಹೇಳುವ ಸುಖ ಅವಳಿಗೆ ಗೊತ್ತಿರಲಿಲ್ಲ. ಅದೊಂದನ್ನು ಹೇಳಬೇಕೆಂಬುದೇ ಅವಳ ಆಸೆ. ಓದು ಅದರ ನಂತರ.

ಬಂದ ಸಂಜೆ ಛತ್ರದ ಮೂಲೆಯಲ್ಲಿ ಕೂತು ಅವಳು ಅತ್ತಳು. ಅವಳ ಗುಂಪಿನ ದಾರಿಯಕ್ಕ ನೋಡಿದಳು. ಯಾಕೆ ಅಳುತ್ತೀ ಎಂದು ಕೇಳಲಿಲ್ಲ, ಅಳಬೇಡ ಎನ್ನಲೂ ಇಲ್ಲ. ಒಂದು ಬುಟ್ಟಿ ದಂಟಿನ ಸೊಪ್ಪು ತಂದು ಮುಂದಿಟ್ಟು, "ಬಿಡಿಸು, ನಾನೂ ಬಿಡಿಸ್ತೀನಿ" ಎಂದು ಪಕ್ಕದಲ್ಲಿ ಕೂತಳು. ಸೊಪ್ಪು ಮುಗಿಯುವಷ್ಟರಲ್ಲಿ ಅಳುವೂ ಮುಗಿದಿತ್ತು. ಹುಡುಗಿ ಅಲ್ಲೇ ನಿಶ್ಚಯ ಮಾಡಿದಳು. ಈ ಅಕ್ಕನ ಮನೆ ಯಾವುದೋ ಅದೇ ನನ್ನ ಮನೆ.

"ಅಕ್ಕಾ, ನಿಮ್ಮದು ಯಾವ ಮನೆ?" ಎಂದು ಕೇಳಿದಳು.

"ಈಗ ನನಗೆ ಮನೆ ಇಲ್ಲ ಕಣೇ. ನಿನ್ನ ಹಾಗೇ ಛತ್ರದವಳು" ಎಂದು ದಾರಿಯಕ್ಕ ನಕ್ಕಳು.

ಮರುದಿನ ಜಗಲಿಗಳ ಸುತ್ತು ಶುರುವಾಯಿತು. ಕಂಬದ ಮನೆಯಲ್ಲಿ ಜಮಖಾನ ಹಾಸಿದ್ದರು. ಹುಡುಗಿ ಮೆಟ್ಟಿಲು ಹತ್ತುವ ಮುಂಚೆಯೇ ಅವಳ ಹೆಸರು ಹಿಡಿದು ಕರೆದರು. "ನಿಮ್ಮ ನಗು ನಮ್ಮ ಮನೆಯದೇ ನಗು" ಎಂದರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾವಿಮನೆಗೆ ಹೋದಾಗ ಅಲ್ಲಿಯವರು ನೀರು ಸೇದುತ್ತಿದ್ದರು. ಪಾನಕವೇನೋ ಕೊಟ್ಟರು. ಲೋಟ ಕೆಳಗಿಡುವಷ್ಟರಲ್ಲಿ ಒಬ್ಬಳು ಬಾವಿಯ ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟು, "ಹಿಡಿ ತಂಗಿ, ಮಾತಾಡ್ತಾ ಸೇದೋಣ" ಎಂದಳು. ಹೊಸ ಸೀರೆಯ ಅಂಚು ನೆನೆಯಿತು. ಹುಡುಗಿಗೆ ಮೈಯೆಲ್ಲ ಉರಿಯಿತು. ಪರರ ಮನೆಗಳಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ಬಂದವಳು ಅವಳು.

"ಬಾವಿಮನೆಯವರಿಗೆ ಬಂದವರನ್ನ ಮಾತಾಡಿಸೋದೇ ಗೊತ್ತಿಲ್ಲ ಅಕ್ಕ" ಎಂದು ಸಂಜೆ ದೂರಿದಳು. "ಕೂತ್ಕೋ ಅನ್ನೋದು ಬಿಟ್ಟು ಕೈಗೆ ಹಗ್ಗ ಕೊಡ್ತಾರೆ!"

"ಸೀರೆ ಒಣಗಿತಾ?" ಎಂದಷ್ಟೇ ದಾರಿಯಕ್ಕ ಕೇಳಿ, ಅದನ್ನು ತಾನೇ ಹಿಂಡಿ ಹರವಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಆಮೇಲೆ ಹುಡುಗಿಗೆ ಮನೆಗಳನ್ನು ನೋಡುವ ಕೆಲಸ ತಪ್ಪಿತು. ಅಕ್ಕನನ್ನು ನೋಡುವುದೇ ಕೆಲಸವಾಯಿತು. ಯಾವ ಮನೆಯ ಮುಂದೆ ಅವಳ ನಡಿಗೆ ನಿಧಾನವಾಗುತ್ತದೆ, ಯಾವ ಹುಡುಗಿ ಎದುರಾದರೆ ಕಣ್ಣು ತಪ್ಪಿಸುತ್ತಾಳೆ ಎಂದು ಹೊಂಚಿದಳು. ಮಣಿಕಟ್ಟಿನಲ್ಲಿ ದಾರದ ಗುರುತು ಬೆಳ್ಳಗೆ ಉಳಿದಿತ್ತು. ಬಿಸಿಲು ಕಾಣದ ಚರ್ಮ ಯಾವ ಮನೆಯವಳಿಗಾದರೂ ಒಂದೇ ಬಣ್ಣ. ಅದರಿಂದ ಏನೂ ತಿಳಿಯಲಿಲ್ಲ.

ಒಂದು ದಿನ ಕಂಬದ ಮನೆಯ ಜಗಲಿಯಲ್ಲಿ ಯಾರೋ ಒಬ್ಬಳಿಗೆ ತಲೆಸುತ್ತು ಬಂತು. ದಾರಿಯಕ್ಕ ಯಾರನ್ನೂ ಕೇಳದೆ ಸರಸರನೆ ಒಳಗೆ ಹೋದಳು. ಕತ್ತಲ ನಡುಮನೆ ದಾಟಿ ಮಜ್ಜಿಗೆ ಹಿಡಿದುಕೊಂಡು ಬಂದಳು. ಹುಡುಗಿ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದಳು. ಮನೆಯವಳಲ್ಲದಿದ್ದರೆ ಮಜ್ಜಿಗೆಯ ಗಡಿಗೆ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಳು. ಆದರೆ ಆ ಮನೆಗಳನ್ನೆಲ್ಲ ಒಬ್ಬನೇ ಮೇಸ್ತ್ರಿ ಒಂದೇ ಅಳತೆಗೆ ಕಟ್ಟಿದ್ದ. ಎಲ್ಲ ಮನೆಯ ಮಜ್ಜಿಗೆಯೂ ಅದೇ ಗೂಡಿನಲ್ಲಿರುತ್ತಿತ್ತು. ಜಗಲಿ ದಾಟದವಳಿಗೆ ಇದು ಹೇಗೆ ತಿಳಿಯಬೇಕು, ಪಾಪ.

ದಿನ ಕಳೆದಂತೆ ಒಂದೊಂದೇ ಮನೆ ಅವಳನ್ನು ಕೈಬಿಟ್ಟಿತು. ಕಂಬದ ಮನೆ ಕರೆಯುತ್ತಿತ್ತು. ಪ್ರತಿ ಸಂಜೆ ಅವಳು ಕೊನೆಯಲ್ಲಿ ಹೇಳುತ್ತಿದ್ದ ಬಾವಿಮನೆಯೂ ಕರೆಯುತ್ತಿತ್ತು. ಹೋದಾಗಲೆಲ್ಲ ಕೈಗೆ ಹಗ್ಗ. ಇವರಿಗೆ ಮಾನವಿಲ್ಲವೇ ಎಂದು ಅವಳಿಗೆ ಸೋಜಿಗ. ಕೊನೆಗೆ ಉಳಿದದ್ದು ಈ ಎರಡೇ ಮನೆ.

ಕಡೆಯ ಸಂಜೆ ದಾರಿಯಕ್ಕ ತನ್ನ ಗುಂಪನ್ನು ಕೂರಿಸಿಕೊಂಡು ಹೇಳಿದಳು: "ಕರೆದ ಮನೆಗಳನ್ನೆಲ್ಲ ಹೇಳಿ ಕಣ್ರೇ. ಒಂದನ್ನೇ ಹೇಳಿ ಅದು ತಪ್ಪಿಹೋದರೆ ಬೇರೆ ಮನೆ ಕೊಡೋ ಹಾಗಿಲ್ಲ." ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಹುಡುಗಿ ಒಳಗೊಳಗೇ ನಕ್ಕಳು. ಪಾಪ, ಎಲ್ಲರಿಗೂ ಹೀಗೇ ಹೇಳಬೇಕಲ್ಲ, ನನ್ನ ಮನೆಗೇ ಬಾ ಎನ್ನುವಂತಿಲ್ಲವಲ್ಲ ಎಂದುಕೊಂಡಳು. ಹಿರಿಯಮ್ಮನ ಕಿವಿಯಲ್ಲಿ ಕಂಬದ ಮನೆ ಎಂದಷ್ಟೇ ಹೇಳಿ ಬಂದಳು.

ಬೆಳಿಗ್ಗೆ ಛತ್ರದ ಅಂಗಳದಲ್ಲಿ ಹುಡುಗಿಯರು ಸಾಲಾಗಿ ನಿಂತರು. ಕಂಬದ ಮನೆಯವರು ತಟ್ಟೆಯ ತುಂಬ ವೀಳ್ಯ ಹಿಡಿದು ಬಂದರು. ಒಬ್ಬೊಬ್ಬಳ ಕೈಗೆ ಕೊಟ್ಟು, "ನಿಮ್ಮ ನಗು ನಮ್ಮ ಮನೆಯದೇ ನಗು" ಎನ್ನುತ್ತ ಮುಂದೆ ಬಂದರು. ಹುಡುಗಿಯ ಪಕ್ಕದವಳಿಗೂ ಹಾಗೇ ಅಂದರು. ಅಲ್ಲಿಗೆ ತಟ್ಟೆ ಬರಿದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಾಚಿದ ಕೈಯನ್ನು ಹುಡುಗಿ ಸೆರಗಿನೊಳಗೆ ಎಳೆದುಕೊಂಡಳು.

ವೀಳ್ಯವೆಲ್ಲ ಮುಗಿದ ಮೇಲೆ ದಾರಿಯಕ್ಕಂದಿರು ತಮ್ಮ ತಮ್ಮ ದಾರ ಕಟ್ಟಿಕೊಳ್ಳುವ ಪದ್ಧತಿ. ಹುಡುಗಿ ಕಣ್ಣೀರಿನ ನಡುವೆಯೂ ಆ ಕಡೆ ನೋಡಿದಳು. ಕುತೂಹಲ ಸಾಯುವಂಥದ್ದಲ್ಲ. ಅವಳ ಅಕ್ಕ ಕಟ್ಟಿಕೊಂಡದ್ದು ಬಾವಿಮನೆಯ ನೀಲಿ ದಾರ. ಬಾವಿಮನೆಯವರ ತಟ್ಟೆಯಲ್ಲಿ ಒಂದು ವೀಳ್ಯ ಹಾಗೇ ಉಳಿದಿತ್ತು. ತಮ್ಮ ಮನೆಯ ಹೆಸರು ಹೇಳದವಳಿಗೆ ಅದನ್ನು ಕೊಡುವಂತಿರಲಿಲ್ಲ.

ಹುಡುಗಿಗೆ ನಾಚಿಕೆ, ದುಃಖ, ಸಿಟ್ಟು ಎಲ್ಲ ಒಟ್ಟಿಗೇ ಉಕ್ಕಿದವು. "ಒಂದು ಮಾತು ಹೇಳಬಾರದಿತ್ತಾ ಅಕ್ಕ? ನಿಮ್ಮ ಮನೆ ಅಂತ ಗೊತ್ತಿದ್ದಿದ್ರೆ ಮೊದಲನೇ ದಿನವೇ ಅದನ್ನೇ ಹೇಳ್ತಿದ್ದೆ!" ಎಂದಳು.

"ಅದಕ್ಕೇ ಕಣೇ ಹೇಳಬಾರದು ಅಂತ ಇರೋದು" ಎಂದಳು ದಾರಿಯಕ್ಕ. ಅವಳ ಕಣ್ಣೂ ಒದ್ದೆಯಾಗಿತ್ತು. "ನನ್ನ ಮುಖ ನೋಡಿ ಬಂದರೆ, ನಾನು ಓದು ಮುಗಿಸಿ ಹೋದ ದಿನ ನಿನ್ನ ಮನೆಯೂ ಹೋಗುತ್ತೆ." ಅಷ್ಟು ಹೇಳಿ ಅವಳ ಕೈ ಹಿಡಿದು, "ಬಾ, ನೀರು ಸೇದೋಣ" ಎಂದಳು.

"ನನಗೆ ವೀಳ್ಯ ಬಂದಿಲ್ಲವಲ್ಲ?"

"ವೀಳ್ಯ ಮುಂದಿನ ವರ್ಷದ ಮಾತು. ಹಂಡೆ ಇವತ್ತು ತುಂಬಬೇಕು."

ಬಾವಿಕಟ್ಟೆಯಲ್ಲಿ ನೀಲಿ ದಾರದವರು ಆಗಲೇ ಸೇದುತ್ತಿದ್ದರು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಒಬ್ಬಳು ಸರಿದು ಜಾಗ ಬಿಟ್ಟಳು. ಇನ್ನೊಬ್ಬಳು ಹಗ್ಗದ ತುದಿ ಕೊಟ್ಟಳು. ಒದ್ದೆ ಹಗ್ಗ ಅಂಗೈಗೆ ತಾಕಿದಾಗ ಹುಡುಗಿಗೆ ಮೊದಲ ಸಂಜೆಯ ಸೊಪ್ಪಿನ ಬುಟ್ಟಿ ನೆನಪಾಯಿತು. ಅವಳು ಎಳೆದಳು. ಎಲ್ಲರೂ ಕೂಡಿ ಎಳೆದರು.

ಗುರುಮಾತೆ ಅಲ್ಲಿಗೆ ಕತೆ ನಿಲ್ಲಿಸಿದರು.

ಭಾಗೀರಥಿಯ ಕೈ ಯಾವಾಗಲೋ ನಿಂತುಹೋಗಿತ್ತು. "ಮುಂದಿನ ವರ್ಷ ಅವಳಿಗೆ ವೀಳ್ಯ ಸಿಕ್ಕಿತೇ ತಾಯಿ?" ಎಂದು ತವಕದಿಂದ ಕೇಳಿದಳು.

ಗುರುಮಾತೆ ಬಗ್ಗಿ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು, ಅವಳ ಪಕ್ಕದಲ್ಲಿ ಕೂತು ಸುಲಿಯತೊಡಗಿದರು. ಗುರುಮಾತೆ ತಲೆಯೆತ್ತದೆಯೇ ಕೇಳಿದರು:

"ಈ ಮೊರ ನಿನ್ನ ಕೈಗೆ ಬಂದದ್ದು ಯಾವತ್ತು, ಮಗಳೇ?"